ರೋಮನ್ ಸಿಪಾಯಿಯ ಕವಚಕ್ಕೆ ದುಡ್ಡು ಕೊಟ್ಟವರಾರು?

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಲೇಖನ)

ಈ ವರ್ಷದ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ರೋಮನ್ ಸಿಪಾಯಿಗಳ ಕವಚವನ್ನು ಕುರಿತು ಬರೆಯುತ್ತೇನೆ ಎಂದೆ. ಅವರು ನಕ್ಕುಬಿಟ್ಟರು. ದಾವಣಗೆರೆಯಲ್ಲಿ ಕುಳಿತು ರೋಮಿನ ಕವಚದ ಚಿಂತೆ ನಿನಗೇಕಯ್ಯಾ, ತುಂಗಭದ್ರೆಯ ಮೇಲೊಂದು ಕವಿತೆ ಬರೆದುಕೊಡಬಾರದೆ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಈ ಕವಚ ಕಳೆದ ಒಂದು ವರ್ಷದಿಂದ ನನ್ನ ಬೆನ್ನು ಬಿಟ್ಟಿಲ್ಲ. ಬರೆದು ಇಳಿಸಿಕೊಳ್ಳದೆ ಗತಿಯಿಲ್ಲವೆಂದು ಓದುಗರ ಮುಂದೆ ಇಡುತ್ತಿದ್ದೇನೆ. ತಪ್ಪಿದ್ದರೆ ಗುರುಗಳು ತಿದ್ದಿಯಾರು.

ಎಲ್ಲವೂ ಒಂದು ಆಟದಿಂದ ಮೊದಲಾಯಿತು. ನಾನು ಹರಿಹರದಿಂದ ನಿತ್ಯ ರೈಲಿನಲ್ಲಿ ಬಂದುಹೋಗುವವನು. ಶನಿವಾರ ತರಗತಿ ಮುಗಿದ ಮೇಲೆ, ಊರಲ್ಲೇ ಕೊಠಡಿ ಮಾಡಿಕೊಂಡಿರುವ ಗೆಳೆಯನೊಬ್ಬನಲ್ಲಿ ನಾವು ಐದು ಮಂದಿ ಸೇರುತ್ತೇವೆ. ನಡುವೆ ಒಂದು ಮೇಜು, ಮೇಜಿನ ಮೇಲೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಸೀಸದ ಕಡ್ಡಿ, ಹಾಳೆ, ಇಪ್ಪತ್ತು ಮುಖದ ದಾಳ. ಈ ಬಗೆಯ ಆಟವನ್ನು ಕಾಣದವರಿಗೆ ತಾಳಮದ್ದಳೆಯನ್ನು ನೆನಪಿಸಿದರೆ ಬೇಗ ತಿಳಿದೀತು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಯೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತನಾಡುವುದು. ಭೇದವಿಷ್ಟೆ: ಇಲ್ಲಿ ಕಥೆಯ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಸೂತ್ರಧಾರನಾದವನು ಸನ್ನಿವೇಶವನ್ನು ಹೇಳುತ್ತಾನೆ, ಪಾತ್ರಧಾರಿ ತಾನೇನು ಮಾಡುವೆನೆಂದು ಹೇಳುತ್ತಾನೆ, ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪ್ರತಿಯೊಂದು ಕವಚಕ್ಕೂ ಒಂದು ಅಂಕ ಉಂಟು. ಎದುರಾಳಿಯ ದಾಳ ಆ ಅಂಕವನ್ನು ಮುಟ್ಟಿದರೆ ಪೆಟ್ಟು ಬಿತ್ತು, ಮುಟ್ಟದಿದ್ದರೆ ತಪ್ಪಿತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆಲ್ಲ ಮೂಲವಾಯಿತು.

ನಮ್ಮ ಸೂತ್ರಧಾರ ಚರಿತ್ರೆಯ ವಿದ್ಯಾರ್ಥಿ. ಕಟ್ಟುಕಥೆಯ ರಾಜ್ಯವೇಕೆ, ನಮ್ಮ ನೆಲದ ಕಥೆಯನ್ನೇ ಆಡೋಣವೆಂದು ಅವನು ಚಂದ್ರವಳ್ಳಿಯನ್ನು ಆರಿಸಿದ. ಚಂದ್ರವಳ್ಳಿ ಚಿತ್ರದುರ್ಗದ ಮಗ್ಗುಲಲ್ಲಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುನ್ನ ದಾವಣಗೆರೆ, ಹರಿಹರಗಳೂ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದುದರಿಂದ, ನಮ್ಮ ಹಿರಿಯರಿಗೆ ಅದು ಪರಸ್ಥಳವಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದರು. ಶಾತವಾಹನರ ಕಾಲದ ಆ ನೆಲೆಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ರೋಮನ್ ಬೆಳ್ಳಿನಾಣ್ಯಗಳು ದೊರೆತಿವೆ. ಪಡುವಣ ಕಡಲಿಗೆ ಬಂದಿಳಿದ ವರ್ತಕರ ತಂಡವೊಂದು ಕಾವಲಿನ ಸಿಪಾಯಿಗಳೊಡನೆ ಚಂದ್ರವಳ್ಳಿಗೆ ಹೊರಟಿದೆ ಎಂಬುದು ನಮ್ಮ ಆಟದ ಕಥೆ. ಆ ಸಿಪಾಯಿಗಳಲ್ಲಿ ಒಬ್ಬನ ಪಾತ್ರ ನನ್ನ ಪಾಲಿಗೆ ಬಂದಿತು.

ಪಾತ್ರ ಬಂದೊಡನೆ ಜಗಳವೂ ಬಂದಿತು. ಚಿತ್ರ ಬರೆಯುವ ಗೆಳೆಯ ನನ್ನ ಸಿಪಾಯಿಗೆ ಎದೆಯ ತುಂಬ ಅಡ್ಡಡ್ಡಲಾಗಿ ಜೋಡಿಸಿದ ಉಕ್ಕಿನ ಪಟ್ಟಿಗಳ ಕವಚವನ್ನೂ ಕೆಂಪು ಜುಟ್ಟಿನ ಶಿರಸ್ತ್ರಾಣವನ್ನೂ ತೊಡಿಸಿ ತಂದ. ಸಿನಿಮಾದಲ್ಲಿ ನಾವೆಲ್ಲ ಕಂಡದ್ದು ಅದೇ. ಸೂತ್ರಧಾರ ಒಪ್ಪಲಿಲ್ಲ. ಇನ್ನೊಬ್ಬ, ಆಟ ಆಟವೇ, ಪರೀಕ್ಷೆಯಲ್ಲ. ಚೆಂದ ಕಂಡರೆ ಸಾಕು ಎಂದ. ಒಂದು ವಾರ ಈ ವಾದವೇ ನಡೆದು ಸಿಪಾಯಿ ಹಡಗಿನಿಂದ ಕೆಳಗಿಳಿಯಲಿಲ್ಲ.

ವಾದ ಗೆಲ್ಲಬೇಕೆಂಬ ಹಟಕ್ಕೆ ನಾನು ಗ್ರಂಥಾಲಯಕ್ಕೆ ಹೋದೆ. ಅಲ್ಲಿ ತಿಳಿದುದು ಇದು. ಆ ಪಟ್ಟಿಕವಚ ಸುಳ್ಳಲ್ಲ. ಆದರೆ ಅದು ಎಲ್ಲ ಕಾಲದ ಎಲ್ಲ ರೋಮನ್ ಸಿಪಾಯಿಗಳ ಉಡುಗೆಯೂ ಅಲ್ಲ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಕೊನೆಯಿಂದ ಕ್ರಿಸ್ತಶಕ ಮೂರನೆಯ ಶತಮಾನದವರೆಗೆ ಅದು ಬಳಕೆಯಲ್ಲಿತ್ತು. ಇಂದು ಪುಸ್ತಕಗಳಲ್ಲಿ ಕಾಣುವ ‘ಲೋರಿಕಾ ಸೆಗ್ಮೆಂಟಾಟಾ’ ಎಂಬ ಹೆಸರು ಕೂಡ ರೋಮನರು ಇಟ್ಟದ್ದಲ್ಲ, ಬಹುಕಾಲದ ಮೇಲೆ ವಿದ್ವಾಂಸರು ಇಟ್ಟದ್ದು. ಅದಕ್ಕೆ ಮೊದಲೂ, ಅದರ ಜೊತೆಗೂ, ಅದು ಹೋದ ಮೇಲೂ ಉಳಿದದ್ದು ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಕೋದು ಹೆಣೆದ ಅಂಗಿ. ಮೀನಿನ ಹುರುಪೆಯಂತೆ ಬಿಲ್ಲೆಗಳನ್ನು ಹೊಲಿದ ಕವಚವೂ ಇತ್ತು.

ಹಾಗಾದರೆ ಎಲ್ಲರಿಗೂ ಪಟ್ಟಿಕವಚವೆಂಬ ಕಲ್ಪನೆ ಎಲ್ಲಿಂದ ಬಂದಿತು? ರೋಮಿನಲ್ಲಿ 113ರಲ್ಲಿ ನಿಲ್ಲಿಸಿದ ಟ್ರಾಜನ್ನನ ಸ್ತಂಭದಿಂದ. ಅಲ್ಲಿನ ಶಿಲ್ಪಗಳಲ್ಲಿ ರೋಮನ್ ಪ್ರಜೆಗಳಾದ ಸಿಪಾಯಿಗಳಿಗೆಲ್ಲ ಪಟ್ಟಿಕವಚ, ಹೊರನಾಡಿನಿಂದ ಸೇರಿದ ಸಹಾಯಕ ಸೈನಿಕರಿಗೆಲ್ಲ ಬಳೆಯಂಗಿ. ಅಚ್ಚುಕಟ್ಟಾದ ವಿಂಗಡಣೆ. ಆದರೆ ಟ್ರಾಜನ್ ಡೇಷಿಯಾದಲ್ಲಿ ಗೆದ್ದುದಕ್ಕೇ, 109ರಲ್ಲಿ, ಇಂದಿನ ರುಮೇನಿಯಾದ ಆಡಮ್‌ಕ್ಲಿಸಿಯಲ್ಲಿ ಮತ್ತೊಂದು ಸ್ಮಾರಕ ಎದ್ದಿತು. ಅದರ ಶಿಲ್ಪ ಒರಟು. ಆದರೆ ಅಲ್ಲಿ ಆ ರೋಮನ್ ಸಿಪಾಯಿಗಳೇ ಬಳೆಯಂಗಿಯನ್ನೂ ಹುರುಪೆಯ ಕವಚವನ್ನೂ ತೊಟ್ಟು ನಿಂತಿದ್ದಾರೆ. ಒಂದು ರಾಜಧಾನಿಯಲ್ಲಿ ಕಡೆದದ್ದು, ಇನ್ನೊಂದು ದಂಡು ನಡೆದ ಗಡಿಯಲ್ಲಿ ಕಡೆದದ್ದು. ಸಿನಿಮಾದವರು ರಾಜಧಾನಿಯದನ್ನು ನಂಬಿದರು. ಆಟದವರು ಸಿನಿಮಾವನ್ನು ನಂಬಿದರು.

ಆಟದ ಪುಸ್ತಕಗಳಲ್ಲಿ ಇಂತಹ ಎಡವಟ್ಟು ಇನ್ನೂ ಇವೆ. ಮೊಳೆ ಹೊಡೆದ ಚರ್ಮದ ಅಂಗಿ ಎಂಬುದೊಂದು ಅವುಗಳ ಪಟ್ಟಿಯಲ್ಲಿ ಬಹುಕಾಲದಿಂದ ಇದೆ. ಮಧ್ಯಯುಗದ ಯೂರೋಪಿನಲ್ಲಿ ಬಟ್ಟೆ ಅಥವಾ ಚರ್ಮದ ಒಳಮೈಗೆ ಕಬ್ಬಿಣದ ತಗಡುಗಳನ್ನು ಇಟ್ಟು ಮೊಳೆಯಿಂದ ಬಿಗಿದ ಕವಚವಿತ್ತು. ಹೊರಗಿನಿಂದ ನೋಡಿದವನಿಗೆ ಮೊಳೆಯ ತಲೆ ಮಾತ್ರ ಕಾಣುತ್ತದೆ. ಅದನ್ನೇ ನೋಡಿ ಮೊಳೆಯೇ ಕವಚವೆಂದು ಬರೆದಿರಬೇಕೆಂದು ತಿಳಿದವರು ಹೇಳುತ್ತಾರೆ. ಕಾಯುತ್ತಿದ್ದುದು ಒಳಗಿನ ತಗಡು. ಲೆಕ್ಕಕ್ಕೆ ಬಂದುದು ಹೊರಗಿನ ಮೊಳೆ.

ನಮ್ಮ ಕಥೆಯ ಮಟ್ಟಿಗೆ ಸೂತ್ರಧಾರ ಇನ್ನೊಂದು ಅಂಶ ಹುಡುಕಿ ತಂದ. ಭಾರತಕ್ಕೆ ಬರುವ ಹಡಗುಗಳಲ್ಲಿ ಕಡಲ್ಗಳ್ಳರ ಭಯಕ್ಕಾಗಿ ಬಿಲ್ಲಾಳುಗಳ ಪಡೆಯನ್ನು ಇರಿಸಿಕೊಳ್ಳುತ್ತಿದ್ದರೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ಆದ್ದರಿಂದ ನನ್ನ ಸಿಪಾಯಿ ಬಿಲ್ಲುಗಾರನಾಗಬೇಕು, ಪಟ್ಟಿಕವಚ ಹೋಗಬೇಕು ಎಂದು ತೀರ್ಮಾನವಾಯಿತು. ಚಿತ್ರಗಾರ ಮುಖ ಸಣ್ಣದು ಮಾಡಿಕೊಂಡು ಇನ್ನೊಂದು ಚಿತ್ರ ಬರೆದ. ನಾನು ಎರಡು ಚಿತ್ರಗಳನ್ನೂ ಮನೆಗೆ ಒಯ್ದೆ.

ಇಲ್ಲಿ ನನ್ನ ಮನೆಯ ಮಾತು ಸ್ವಲ್ಪ ಹೇಳಬೇಕು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ತಂದೆ ನಾಲ್ಕನೆಯ ಇಯತ್ತೆಯವರೆಗೆ ಓದಿದವರು. ಒಂದು ಕಾರ್ಖಾನೆಯ ಬಾಗಿಲಲ್ಲಿ ಕಾವಲುಗಾರರಾಗಿದ್ದಾರೆ. ಅಂದು ರಾತ್ರಿಪಾಳಿಗೆ ಹೊರಡಲು ಸಮವಸ್ತ್ರ ತೊಡುತ್ತಿದ್ದವರು ನನ್ನ ಕೈಯಲ್ಲಿದ್ದ ಚಿತ್ರ ನೋಡಿ ಇದೇನೆಂದರು. ಎರಡು ಸಾವಿರ ವರ್ಷದ ಹಿಂದಿನ ಸಿಪಾಯಿಯ ಕವಚ, ಇಂಥದನ್ನು ತೊಟ್ಟಿದ್ದನೋ ಅಂಥದನ್ನು ತೊಟ್ಟಿದ್ದನೋ ಎಂದು ನಮ್ಮಲ್ಲಿ ವಾದ ನಡೆದಿದೆ ಎಂದೆ. ಅವರು ಎರಡನ್ನೂ ನಿಧಾನವಾಗಿ ನೋಡಿ, “ಅಲ್ಲೋ, ಇದನ್ನ ಅವ್ರಿಗೆ ಸರ್ಕಾರದೋರೇ ಕೊಡ್ತಿದ್ರೋ, ಪಗಾರದಾಗ ಮುರ್ಕಂತಿದ್ರೋ?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಐದು ಮಂದಿ ಬಿ.ಎ. ವಿದ್ಯಾರ್ಥಿಗಳು ಒಂದು ವಾರ ವಾದ ಮಾಡಿದ್ದರೂ ಆ ಪ್ರಶ್ನೆ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಮ್ಮ ತಂದೆಗೆ ಅದೇಕೆ ಹೊಳೆಯಿತೆಂಬುದು ನನಗೆ ಗೊತ್ತು. ಅವರು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಕಾವಲುಗಾರರನ್ನು ಒದಗಿಸುವ ಗುತ್ತಿಗೆಯವರು ಸಮವಸ್ತ್ರದ ಬೆಲೆಯೆಂದು ಸಂಬಳದಲ್ಲಿ ಮುರಿದುಕೊಂಡಿದ್ದರು. ಆ ತಿಂಗಳು ನಮ್ಮ ಅಂಗಡಿಯ ಬಾಕಿ ತೀರಲಿಲ್ಲ. ಅಂಗಿಯನ್ನು ಒಗೆಯಲೆಂದು ತಿರುವಿದಾಗ ಕೊರಳಪಟ್ಟಿಯ ಒಳಗೆ ಅಳಿಸದ ಮಸಿಯಲ್ಲಿ ಬೇರೆ ಯಾರದೋ ಹೆಸರಿತ್ತು. ಬೆಲೆ ಹೊಸದರದು, ಅಂಗಿ ಹಳೆಯದು. ನಮ್ಮ ತಾಯಿ ಆ ಹೆಸರಿನ ಮೇಲೊಂದು ತುಂಡು ಬಟ್ಟೆ ಹಚ್ಚಿ ಹೊಲಿದರು.

ಮತ್ತೆ ಗ್ರಂಥಾಲಯಕ್ಕೆ ಹೋದೆ. ಈ ಸಲ ವಾದ ಗೆಲ್ಲುವುದಕ್ಕಲ್ಲ, ಮನೆಯಲ್ಲಿ ಉತ್ತರ ಹೇಳುವುದಕ್ಕೆ. ಚರಿತ್ರಕಾರ ಟ್ಯಾಸಿಟಸ್ ಬರೆದಿಟ್ಟ ಒಂದು ಪ್ರಸಂಗ ದೊರೆಯಿತು. ಕ್ರಿಸ್ತಶಕ 14ರಲ್ಲಿ ಆಗಸ್ಟಸ್ ತೀರಿಕೊಂಡು ಟೈಬೀರಿಯಸ್ ಪಟ್ಟಕ್ಕೆ ಬಂದ. ಸುದ್ದಿ ಮುಟ್ಟುತ್ತಲೇ ಪನ್ನೋನಿಯಾ ಎಂಬ ಗಡಿನಾಡಿನಲ್ಲಿ ಮೂರು ದಳಗಳು ದಂಗೆಯೆದ್ದವು. ಮುಂದೆ ನಿಂತವನು ಪೆರ್ಕೆನ್ನಿಯಸ್ ಎಂಬ ಸಾಮಾನ್ಯ ಸಿಪಾಯಿ. ಹಿಂದೆ ನಾಟಕಶಾಲೆಯಲ್ಲಿ ಚಪ್ಪಾಳೆ ತಟ್ಟುವ ಗುಂಪಿನ ಮುಖಂಡನಾಗಿದ್ದವನು. ಅವನ ದೂರು ಹೀಗಿತ್ತು: ಪ್ರಾಣಕ್ಕೂ ದೇಹಕ್ಕೂ ಸೇರಿ ದಿನಕ್ಕೆ ಹತ್ತು ಆಸ್ ಎಂಬ ತಾಮ್ರದ ಕಾಸು, ಅದರಲ್ಲಿಯೇ ಬಟ್ಟೆ, ಆಯುಧ, ಡೇರೆ ಎಲ್ಲವನ್ನೂ ಕೊಳ್ಳಬೇಕು, ಮೇಲಿನವನ ಏಟು ತಪ್ಪಿಸಿಕೊಳ್ಳಲು ಕೊಡುವ ಲಂಚವೂ ಅದರಲ್ಲೇ. ಅವರು ಕೇಳಿದ್ದು ದಿನಕ್ಕೊಂದು ದಿನಾರಿಯಸ್, ಎಂದರೆ ಹದಿನಾರು ಆಸ್. ದಂಗೆಯನ್ನು ಅಡಗಿಸಿ ಪೆರ್ಕೆನ್ನಿಯಸ್ಸನನ್ನು ಕೊಂದರು. ಸಿಪಾಯಿಯ ಸಂಬಳ ವರ್ಷಕ್ಕೆ 225 ದಿನಾರಿಯಸ್ಸೇ ಆಗಿ ಉಳಿಯಿತು. ಅದು ಏರಿದ್ದು ಏಳು ದಶಕಗಳ ಮೇಲೆ, ಡೊಮಿಷಿಯನ್ನನ ಕಾಲದಲ್ಲಿ.

ಇದನ್ನು ಓದಿದಾಗ ನನಗೆ ಚಂದ್ರವಳ್ಳಿ ನೆನಪಾಯಿತು. ಅಲ್ಲಿ ದೊರೆತ ಬೆಳ್ಳಿನಾಣ್ಯಗಳು ಆ ಇಬ್ಬರೇ ಚಕ್ರವರ್ತಿಗಳವು, ಆ ದಿನಾರಿಯಸ್ಸೇ. ಸುಮಾರು ನಾಲ್ಕು ಗ್ರಾಂ ಬೆಳ್ಳಿ. ಡ್ಯಾನ್ಯೂಬ್ ನದಿಯ ಕಡೆ ಸಿಪಾಯಿಗಳು ಪ್ರಾಣವನ್ನು ಒತ್ತೆಯಿಟ್ಟು ಕೇಳಿ ಪಡೆಯಲಾಗದೆ ಹೋದ ಒಂದು ದಿನದ ಕೂಲಿ, ಯಾವನೋ ವರ್ತಕನ ಗಂಟಿನಲ್ಲಿ ಕಡಲು ದಾಟಿ, ಕೈಯಿಂದ ಕೈಗೆ ಹೋಗಿ, ನಮ್ಮ ಪಕ್ಕದ ಜಿಲ್ಲೆಯ ಮಣ್ಣಿನಲ್ಲಿ ಬಿದ್ದಿತ್ತು. ರೋಮಿನ ಕವಚದ ಚಿಂತೆ ದಾವಣಗೆರೆಯವನಿಗೆ ಏಕೆಂದು ನಕ್ಕ ಮಿತ್ರರಿಗೆ ಇದೇ ನನ್ನ ಉತ್ತರ.

ಈಗ ಆಟದ ಲೆಕ್ಕ ನೋಡಿ. ಆ ಆಟದ 2014ರ ನಿಯಮಪುಸ್ತಕದಲ್ಲಿ ಬಳೆ ಹೆಣೆದ ಪೂರ್ಣ ಕವಚದ ಬೆಲೆ 75 ಚಿನ್ನದ ನಾಣ್ಯ. ನಾವು ಚಿನ್ನದ ನಾಣ್ಯವೆಂದರೆ ರೋಮಿನ ಚಿನ್ನದ ನಾಣ್ಯವೆಂದೇ ಇಟ್ಟುಕೊಂಡಿದ್ದೆವು. ಒಂದು ಚಿನ್ನದ ನಾಣ್ಯಕ್ಕೆ 25 ದಿನಾರಿಯಸ್, 75ಕ್ಕೆ 1,875. ಸಿಪಾಯಿ ಉಪವಾಸವಿದ್ದು ದುಡಿದರೂ ಎಂಟು ವರ್ಷ ಬೇಕು! ಆದರೆ ಆಟದಲ್ಲಿ ಒಂದು ಗುಹೆಗೆ ನುಗ್ಗಿ ಬಂದರೆ ಆ ದುಡ್ಡು ಕೈಗೆ ಬರುತ್ತದೆ. ಕವಚದ ಪಟ್ಟಿಗಳು ಎಷ್ಟು, ಕೊಂಡಿಗಳು ಎಲ್ಲಿ ಎಂದು ಎಣಿಸಿದ ನಾವು ಈ ಲೆಕ್ಕವನ್ನು ಎಣಿಸಿರಲಿಲ್ಲ.

ನೆಲದಿಂದ ಎದ್ದುಬಂದ ಕವಚಗಳು ಈ ಲೆಕ್ಕವನ್ನು ಹೇಳುತ್ತವೆ. ಇಂಗ್ಲೆಂಡಿನ ಕಾರ್‌ಬ್ರಿಡ್ಜ್ ಎಂಬಲ್ಲಿ 1964ರಲ್ಲಿ ಒಂದು ಮರದ ಪೆಟ್ಟಿಗೆ ದೊರೆಯಿತು. ಪಟ್ಟಿಕವಚವನ್ನು ಹೇಗೆ ಜೋಡಿಸುತ್ತಿದ್ದರೆಂಬುದು ಸರಿಯಾಗಿ ತಿಳಿದದ್ದೇ ಅದರಿಂದ. ಅದರೊಳಗಿನ ಕವಚಗಳು ಹೊಸವಲ್ಲ. ಮುರಿದ ಕೊಂಡಿಯ ಜಾಗದಲ್ಲಿ ಮೊಳೆ ಬಡಿದು ತೇಪೆ ಹಾಕಿದವು. ಕೆಲವು ಶಿರಸ್ತ್ರಾಣಗಳ ಹಿಂಬದಿಯ ಅಂಚಿನಲ್ಲಿ ಒಬ್ಬನದಲ್ಲ, ಮೂರು ನಾಲ್ಕು ಮಂದಿಯ ಹೆಸರು ಕೊರೆದಿದೆ. ಒಬ್ಬ ಬಿಟ್ಟುಹೋದದ್ದನ್ನು ಇನ್ನೊಬ್ಬ ತೊಟ್ಟ. ಜರ್ಮನಿಯ ಕಾಲ್‌ಕ್ರೀಸೆಯಲ್ಲಿ 2018ರಲ್ಲಿ ಬಹುಮಟ್ಟಿಗೆ ಪೂರ್ಣವಾದ ಪಟ್ಟಿಕವಚವೊಂದು ದೊರೆತು, 2020ರಲ್ಲಿ ಅದರ ಸುದ್ದಿ ಪ್ರಕಟವಾಯಿತು. ಕ್ರಿಸ್ತಶಕ 9ರಲ್ಲಿ ರೋಮಿನ ಮೂರು ದಳಗಳು ನಾಶವಾದ ಯುದ್ಧದ ಸ್ಥಳ ಅದೇ ಎಂದು ಬಹುಮಂದಿ ವಿದ್ವಾಂಸರ ಮತ. ಆ ಕವಚದ ಜೊತೆಯಲ್ಲೇ ಕೊರಳಿಗೂ ಕೈಗೂ ತೊಡಿಸುವ ಕಬ್ಬಿಣದ ಕೋಳವೂ ಇತ್ತು. ಅದನ್ನು ತೊಟ್ಟಿದ್ದವನು ಸೆರೆಸಿಕ್ಕು ಸತ್ತಿರಬೇಕೆಂದು ಊಹಿಸಿದ್ದಾರೆ. ಇದುವರೆಗೆ ದೊರೆತ ಪಟ್ಟಿಕವಚಗಳಲ್ಲಿ ಅತ್ಯಂತ ಹಳೆಯ ಪೂರ್ಣರೂಪ ಹೀಗೆ ಒಬ್ಬ ಸೋತವನದು.

ಇದಕ್ಕೆ ಒಂದು ಆಕ್ಷೇಪಣೆ ಬಂದೀತು, ಬರತಕ್ಕದ್ದೇ. ನಮ್ಮ ಹೊಯ್ಸಳ ಶಿಲ್ಪಿಗಳು ರಾಮಲಕ್ಷ್ಮಣರಿಗೆ ತಮ್ಮ ಕಾಲದ ಒಡವೆಗಳನ್ನೇ ತೊಡಿಸಿದರು. ಯಕ್ಷಗಾನದ ಕಿರೀಟ ಯಾವ ರಾಜನ ತಲೆಯ ಮೇಲೂ ಇದ್ದುದಲ್ಲ. ಅವು ಕಲೆಯಾದರೆ ಆಟದ ಕವಚವೇಕೆ ತಪ್ಪು? ಈ ಮಾತು ಗಟ್ಟಿಯಾದದ್ದು. ಆದರೆ ಯಕ್ಷಗಾನದ ಕಿರೀಟ ತಾನು ಚರಿತ್ರೆಯೆಂದು ಹೇಳಿಕೊಳ್ಳುವುದಿಲ್ಲ, ನೋಡುವವನೂ ಹಾಗೆ ನಂಬುವುದಿಲ್ಲ. ಇಂತಿಷ್ಟು ತೂಕ, ಇಂತಿಷ್ಟು ಬೆಲೆ, ಇಂತಿಷ್ಟು ರಕ್ಷಣೆ ಎಂದು ಅಂಕಿಗಳಲ್ಲಿ ಬರೆದು, ಇದು ರೋಮನ್ ಸಿಪಾಯಿ ಎಂದು ಹೆಸರಿಟ್ಟ ಮೇಲೆ ಮಾತು ಬೇರೆಯಾಗುತ್ತದೆ. ಡ್ರ್ಯಾಗನ್ನಿಗೆ ಯಾರೂ ಲೆಕ್ಕ ಕೇಳುವುದಿಲ್ಲ. ಬದುಕಿ ಸತ್ತ ಮನುಷ್ಯನ ಹೆಸರು ಹಿಡಿದರೆ ಲೆಕ್ಕ ಕೊಡಬೇಕು.

ನಮ್ಮ ಕಡೆಯ ಸಂಗತಿಯನ್ನೂ ನೋಡೋಣ. ದಾವಣಗೆರೆ ಕಂಪನಿ ನಾಟಕಗಳ ಊರು. ಚಿಂದೋಡಿ ಲೀಲಾ ಅವರ ಹೆಸರು ಹೇಳಿದರೆ ಸಾಕು. ಶಾಲೆಯಲ್ಲಿದ್ದಾಗ ಐತಿಹಾಸಿಕ ನಾಟಕವೊಂದರಲ್ಲಿ ನಾನೂ ತಗಡಿನ ಎದೆಗವಚ ಕಟ್ಟಿಕೊಂಡು, ರಾಜನ ಹಿಂದೆ ಭರ್ಜಿ ಹಿಡಿದು ಮೂರು ಅಂಕ ನಿಂತವನೇ. ಆಳುಗಳಿಗೆಲ್ಲ ಅಂತಹ ಥಳಥಳಿಸುವ ಕವಚ ಇದ್ದೀತೆಂದು ಅಂದು ನಂಬಿದ್ದೆ. ನಮ್ಮ ಸುತ್ತಿನ ಹಳ್ಳಿಗಳ ವೀರಗಲ್ಲುಗಳ ಮುಂದೆ ನಿಂತಾಗ ಆ ನಂಬಿಕೆ ಹೋಯಿತು. ಕೆಳಗಿನ ಅಂಕಣದಲ್ಲಿ ಹೋರಾಡುತ್ತಿರುವ ವೀರನಿಗೆ ಎಷ್ಟೋ ಕಲ್ಲುಗಳಲ್ಲಿ ಇರುವುದು ಕಟ್ಟಿದ ತುರುಬು, ಬಿಗಿದ ಕಾಸೆ, ಕೈಯಲ್ಲೊಂದು ಕತ್ತಿ, ಒಂದು ಗುರಾಣಿ, ಎದೆ ಬರಿದು. ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ದಂಡನಾಯಕನ ಹೆಸರು ಶಾಸನದಲ್ಲಿ ಉಳಿಯಿತು. ಅವನ ದಂಡಿನಲ್ಲಿ ನಡೆದ ಆಳುಗಳಲ್ಲಿ ಎಷ್ಟು ಮಂದಿಯ ಹೆಸರನ್ನು ನಾವು ಬಲ್ಲೆವು? ಅವರಿಗೆಲ್ಲ ನಾಟಕದಲ್ಲಿ ತಗಡಿನ ಕವಚ ತೊಡಿಸಿದರೆ ಗೌರವ ಮಾಡಿದಂತೆ ಕಾಣುತ್ತದೆ. ನಿಜವಾಗಿ, ಅವರು ಬರಿಯ ಎದೆಯಲ್ಲಿ ನಿಂತರೆಂಬುದನ್ನು ಮುಚ್ಚಿದಂತಾಗುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಆಟದಲ್ಲಾಗಲಿ ನಾಟಕದಲ್ಲಾಗಲಿ ಚರಿತ್ರೆಯ ಸಿಪಾಯಿಯನ್ನು ತರುವವರು ಅವನ ಕವಚವನ್ನು ಸರಿಯಾಗಿ ತರಬೇಕು. ಸರಿಯೆಂದರೆ ಆಕಾರ ಮಾತ್ರವಲ್ಲ. ಅದನ್ನು ಯಾರು ಕೊಟ್ಟರು, ಯಾರ ಸಂಬಳದಲ್ಲಿ ಮುರಿದರು, ಹರಿದಾಗ ಯಾರು ತೇಪೆ ಹಾಕಿದರು, ಅವನಿಗಿಂತ ಮೊದಲು ಯಾರು ತೊಟ್ಟಿದ್ದರು ಎಂಬುದೂ ಸೇರಬೇಕು. ಬಳೆಗಳ ಸಂಖ್ಯೆಯ ಮೇಲೆ ಹಗಲಿರುಳು ಜಗಳವಾಡಿ ಇದನ್ನು ಮರೆಯುವ ಪಾಂಡಿತ್ಯವೂ, ಆಟ ಆಟವೇ ಎಂದು ಕೈಕೊಡಹುವ ಉದಾಸೀನವೂ ನನಗೆ ಒಂದೇ ಆಗಿ ಕಾಣುತ್ತವೆ. ಎರಡಕ್ಕೂ ಕವಚದ ಒಳಗಿನ ಮನುಷ್ಯ ಬೇಕಾಗಿಲ್ಲ.

ಇದು ಆಟದ ರುಚಿ ಕೆಡಿಸೀತೆ ಎಂಬ ಶಂಕೆ ನಮಗೂ ಇತ್ತು. ಪರೀಕ್ಷಿಸಿ ನೋಡಿದೆವು. ನನ್ನ ಹಾಳೆಯಲ್ಲಿ ಸೂತ್ರಧಾರ ಒಂದು ಹೊಸ ಕಲಮು ಎಳೆದ: ನಾಲ್ಕು ತಿಂಗಳಿಗೊಮ್ಮೆ 75 ದಿನಾರಿಯಸ್ ಜಮಾ, ಅದರಲ್ಲಿ ಊಟ, ಪಾದರಕ್ಷೆ, ಬಟ್ಟೆ, ಆಯುಧಗಳ ಬಾಬ್ತು ವಜಾ. ಶಿರಸ್ತ್ರಾಣದ ಮೇಲೆ ಹಿಂದಿನ ಇಬ್ಬರ ಹೆಸರು ಬರೆದ. ಮುಂದಿನ ಶನಿವಾರ, ಎಲ್ಲ ಕಾಳಗಕ್ಕೂ ಮೊದಲು ನುಗ್ಗುತ್ತಿದ್ದ ನಮ್ಮ ಗೆಳೆಯ ಅಂದು ಘಟ್ಟದ ದಾರಿಯಲ್ಲಿ ಕಳ್ಳರು ಎದುರಾದಾಗ ದಾಳವನ್ನು ಕೈಯಲ್ಲೇ ಹಿಡಿದು, ಮೊದಲು ಮಾತಾಡಿ ನೋಡೋಣ, ಈ ಅಂಗಿ ಹರಿದರೆ ದುಡ್ಡು ಕೊಡುವವನು ನಾನೇ ಅಲ್ಲವೆ ಎಂದ. ಎಲ್ಲರೂ ನಕ್ಕೆವು. ಆದರೆ ಆ ಸಂಜೆಯ ಆಟದಷ್ಟು ಸ್ವಾರಸ್ಯವಾದ ಆಟ ಆ ವರ್ಷ ಮತ್ತೊಂದಿರಲಿಲ್ಲ. ನನಗೆ ಕೊನೆಯ ರೈಲು ತಪ್ಪಿ ಬಸ್ಸಿನಲ್ಲಿ ಹೋಗಬೇಕಾಯಿತು.

ಮನೆಗೆ ಹೋಗಿ ತಂದೆಗೆ ಉತ್ತರ ಹೇಳಿದೆ: ಮುರಿದುಕೊಳ್ಳುತ್ತಿದ್ದರಂತೆ, ಕೇಳಿದವನನ್ನು ಕೊಂದರಂತೆ ಎಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಕೇಳಿದವನ ಹೆಸರೇನೆಂದರು. ಹೇಳಿದೆ. ಅವರ ಬಾಯಲ್ಲಿ ಅದು ಸರಿಯಾಗಿ ಹೊರಳಲಿಲ್ಲ; ಎರಡು ಸಲ ಹೇಳಿಸಿಕೊಂಡು, ಟೋಪಿ ಇಟ್ಟುಕೊಂಡು ಪಾಳಿಗೆ ಹೊರಟರು.

ಸಹಪಾಠಿ ಮಿತ್ರರೆ, ಬರುವ ವರ್ಷ ನಮ್ಮಲ್ಲಿ ಹಲವರು ಮೇಷ್ಟ್ರಾಗುವ, ಗುಮಾಸ್ತರಾಗುವ ದಾರಿ ಹಿಡಿಯುತ್ತೇವೆ. ಅದಕ್ಕೆ ಮೊದಲು ಒಮ್ಮೆ ಚಂದ್ರವಳ್ಳಿಗೆ ಹೋಗಿಬನ್ನಿ; ನಿಮ್ಮ ನಿಮ್ಮ ಊರಿನ ವೀರಗಲ್ಲಿನ ಮುಂದೆ ಐದು ನಿಮಿಷ ನಿಲ್ಲಿ. ಮತ್ತು ಓದಿದ್ದನ್ನು ಮನೆಯಲ್ಲಿ ಓದದವರಿಗೆ ಹೇಳಿನೋಡಿ. ನಮ್ಮ ಪುಸ್ತಕಗಳು ಕೇಳದೆ ಬಿಟ್ಟ ಪ್ರಶ್ನೆಯನ್ನು ಅವರು ಕೇಳಿಯಾರು.